ಸೊನ್ನೆಯ ಮೇಲೊಂದು ಶಿಖರ: ಮಯೋರಾನಾ ಸಿಕ್ಕಿತೋ, ಇಲ್ಲವೋ?

2025ರ ಫೆಬ್ರವರಿ 19ರಂದು ಮೈಕ್ರೋಸಾಫ್ಟ್ ಕಂಪನಿ ‘ಮಯೋರಾನಾ 1’ ಎಂಬ ಕ್ವಾಂಟಂ ಚಿಪ್ಪನ್ನು ಜಗತ್ತಿಗೆ ತೋರಿಸಿತು. ದ್ರವ್ಯದ ಹೊಸದೊಂದು ಸ್ಥಿತಿ ನಮ್ಮ ಕೈಗೆ ಬಂದಿದೆ, ಅಂಗೈಯಲ್ಲಿ ಹಿಡಿಯುವ ಚಿಪ್ಪಿನಲ್ಲಿ ಹತ್ತು ಲಕ್ಷ ಕ್ಯೂಬಿಟ್‌ಗಳನ್ನು (ಕ್ವಾಂಟಂ ಕಂಪ್ಯೂಟರಿನ ಮಾಹಿತಿಯ ಮೂಲ ಘಟಕಗಳನ್ನು) ಕೂರಿಸುವ ದಾರಿ ಸಿಕ್ಕಿದೆ ಎಂದಿತು. ಅದೇ ದಿನ ಅವರ ಪ್ರಬಂಧ ‘ನೇಚರ್’ ಪತ್ರಿಕೆಯಲ್ಲಿ ಬಂತು. ಪ್ರಬಂಧದ ಜತೆ ಪ್ರಕಟವಾದ ವಿಮರ್ಶಕರ ಕಡತದಲ್ಲಿ ಮಾತ್ರ ಸಂಪಾದಕರು ಬೇರೆಯೇ ಮಾತು ಸೇರಿಸಿದ್ದರು: ಈ ಸಾಧನಗಳಲ್ಲಿ ಮಯೋರಾನಾ ಶೂನ್ಯಸ್ಥಿತಿಗಳು (ಸೊನ್ನೆ ಶಕ್ತಿಯಲ್ಲಿ ಕೂರುವ, ಚಿಪ್ಪಿನ ಹೆಸರಿಗೆ ಕಾರಣವಾದ ವಿಶೇಷ ಇಲೆಕ್ಟ್ರಾನ್ ಸ್ಥಿತಿಗಳು) ಇವೆ ಎನ್ನುವುದಕ್ಕೆ ಇಲ್ಲಿರುವ ಫಲಿತಾಂಶಗಳು ಪುರಾವೆಯಲ್ಲ.

ಮೂರು ತಿಂಗಳ ಬಳಿಕ, ಮೇ ತಿಂಗಳಲ್ಲಿ, ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೊಂದು ಪ್ರಬಂಧ ಬಂತು. ಐರ್ಲೆಂಡಿನ ಕಾರ್ಕ್‌ನ ವಿಜ್ಞಾನಿಗಳೂ ಅವರ ಸಂಗಡಿಗರೂ ಯುರೇನಿಯಂ ಡೈಟೆಲ್ಯುರೈಡ್ ಎಂಬ ಹರಳಿನ ಮೇಲ್ಮೈಯಲ್ಲಿ ಟೊಪಲಾಜಿಕಲ್ ಅತಿವಾಹಕತೆಯ, ಅಂದರೆ ಮಯೋರಾನಾಗಳಿಗೆ ನೆಲೆಯಾಗಬಲ್ಲ ವಿಶೇಷ ಬಗೆಯ ಅತಿವಾಹಕತೆಯ (ತಡೆಯಿಲ್ಲದೆ ವಿದ್ಯುತ್ ಹರಿಯುವ ಗುಣದ) ಕುರುಹು ಕಂಡಿದ್ದೇವೆ ಎಂದರು. ಇದಕ್ಕೆ ಮೊದಲಿನಷ್ಟು ಗದ್ದಲ ಆಗಲಿಲ್ಲ.

ಎರಡೂ ಸುದ್ದಿ ಓದಿದವರಿಗೆ ತಲೆ ಕೆಡುವುದು ಸಹಜ. ಇದೆ ಎನ್ನುತ್ತಾರೋ, ಇಲ್ಲ ಎನ್ನುತ್ತಾರೋ? ಒಂದನ್ನು ನಂಬುವುದಾದರೆ ಇನ್ನೊಂದನ್ನೇಕೆ ನಂಬಬಾರದು? ಈ ಜಗಳ ಇವತ್ತಿನದಲ್ಲ, ಹತ್ತು ವರ್ಷಕ್ಕೂ ಹಳೆಯದು. ಅದರ ಬೇರು ಇರುವುದು ಒಂದು ಅಳತೆಯ ವಿಧಾನದಲ್ಲಿ. ಟನಲಿಂಗ್ ಸ್ಪೆಕ್ಟ್ರೋಸ್ಕೋಪಿ ಎಂಬ ಆ ವಿಧಾನ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬುದು ತಿಳಿದರೆ ಗೊಂದಲ ಮುಕ್ಕಾಲು ಪಾಲು ತಿಳಿಯಾಗುತ್ತದೆ.

ಗೋಡೆ ದಾಟುವ ಇಲೆಕ್ಟ್ರಾನ್

ಎರಡು ಲೋಹಗಳ ನಡುವೆ ಒಂದು ನ್ಯಾನೋಮೀಟರಿನಷ್ಟು ಖಾಲಿ ಜಾಗ ಬಿಟ್ಟರೆ ಹಳೆಯ ಭೌತಶಾಸ್ತ್ರದ ಪ್ರಕಾರ ಇಲೆಕ್ಟ್ರಾನ್ ಆಚೆ ಹೋಗುವಂತಿಲ್ಲ. ಅದಕ್ಕೆ ಅಷ್ಟು ಶಕ್ತಿ ಇಲ್ಲ. ಕ್ವಾಂಟಂ ಲೋಕದಲ್ಲಿ ಇಲೆಕ್ಟ್ರಾನ್ ಒಂದು ಅಲೆಯೂ ಹೌದು. ಅಲೆಯ ಬಾಲ ಗೋಡೆಯ ಆಚೆಗೂ ತುಸು ಚಾಚಿಕೊಂಡಿರುತ್ತದೆ. ಆ ಬಾಲದ ಕಾರಣಕ್ಕೆ ಆಗೀಗ ಒಂದು ಇಲೆಕ್ಟ್ರಾನ್ ಆಚೆ ಬದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಇದೇ ಟನಲಿಂಗ್.

ಆದರೆ ದಾಟಿದ ಇಲೆಕ್ಟ್ರಾನ್‌ಗೆ ಆಚೆ ಕಡೆ ಕೂರಲು ಜಾಗ ಬೇಕು. ಆ ಶಕ್ತಿಯಲ್ಲಿ ಜಾಗ ಹೆಚ್ಚಿದ್ದರೆ ಕರೆಂಟು ಹೆಚ್ಚು, ಜಾಗವೇ ಇಲ್ಲದಿದ್ದರೆ ಕರೆಂಟೂ ಇಲ್ಲ. ವೋಲ್ಟೇಜನ್ನು ಹಂತಹಂತವಾಗಿ ಬದಲಿಸುತ್ತ ಕರೆಂಟು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಬರೆದುಕೊಂಡರೆ ಯಾವ ಶಕ್ತಿಯಲ್ಲಿ ಎಷ್ಟು ಜಾಗವಿದೆ ಎಂಬ ನಕ್ಷೆ ಸಿಗುತ್ತದೆ. 1960ರಲ್ಲಿ ಐವರ್ ಜೀವರ್ ಅಲ್ಯೂಮಿನಿಯಂ ಮತ್ತು ಸೀಸದ ಪದರಗಳ ನಡುವೆ ತೆಳುವಾದ ಆಕ್ಸೈಡ್ ಇಟ್ಟು ಹೀಗೆಯೇ ಅಳೆದರು. ಅತಿವಾಹಕದೊಳಗೆ ಇಲೆಕ್ಟ್ರಾನ್‌ಗೆ ಜಾಗವೇ ಇಲ್ಲದ ಶಕ್ತಿಯ ಗ್ಯಾಪ್ ಇದೆ ಎಂಬುದು ಅಲ್ಲಿ ಎದ್ದು ಕಂಡಿತು. 1973ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿದ್ದು ಈ ಕೆಲಸಕ್ಕೆ.

1981ರಲ್ಲಿ ಜ್ಯೂರಿಕ್‌ನ ಐಬಿಎಂ ಪ್ರಯೋಗಾಲಯದಲ್ಲಿ ಗೆರ್ಡ್ ಬಿನ್ನಿಗ್ ಮತ್ತು ಹೈನ್‌ರಿಶ್ ರೋರರ್ ಒಂದು ಬದಿಯ ಲೋಹದ ಜಾಗದಲ್ಲಿ ಚೂಪು ಸೂಜಿಯನ್ನಿಟ್ಟರು. ಸೂಜಿ ಮೇಲ್ಮೈಯಿಂದ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗದಷ್ಟು ದೂರ ಸರಿದರೂ ಕರೆಂಟು ಹೆಚ್ಚುಕಡಿಮೆ ಹತ್ತನೇ ಒಂದಕ್ಕೆ ಕುಸಿಯುತ್ತದೆ. ಹಾಗಾಗಿ ಕರೆಂಟೆಲ್ಲ ಮೊನೆಯ ಕಟ್ಟಕಡೆಯ ಪರಮಾಣುವಿನ ಮೂಲಕವೇ ಹರಿಯುತ್ತದೆ. ಜೀವರ್ ಇಡೀ ಪದರದ ಸರಾಸರಿಯನ್ನು ಅಳೆದಿದ್ದರು. ಈ ಸೂಜಿ ಒಂದೊಂದು ಪರಮಾಣುವಿನ ಮೇಲೂ ನಿಂತು ಅದೇ ಪ್ರಶ್ನೆ ಕೇಳಬಲ್ಲದು.

ಕೆಲಸ ನಡೆಯುವ ಬಗೆ ಹೀಗೆ. ಸೂಜಿ ಒಂದು ಪರಮಾಣುವಿನ ಮೇಲೆ ಬಂದು ನಿಲ್ಲುತ್ತದೆ. ಎತ್ತರ ಕಾಯುವ ಎಲೆಕ್ಟ್ರಾನಿಕ್ ನಿಯಂತ್ರಣವನ್ನು ಅಷ್ಟು ಹೊತ್ತು ತಡೆಹಿಡಿಯುತ್ತಾರೆ. ವೋಲ್ಟೇಜ್ ಮೈನಸ್ 2 ಮಿಲಿವೋಲ್ಟಿನಿಂದ ಪ್ಲಸ್ 2ರವರೆಗೆ ತೆವಳುತ್ತದೆ, ಅದರ ಮೇಲೆ ಸಣ್ಣದೊಂದು ಕಂಪನವನ್ನೂ ಹೇರಿರುತ್ತಾರೆ. ಕರೆಂಟಿನಲ್ಲಿ ಆ ಕಂಪನದ ಪ್ರತಿಧ್ವನಿ ಎಷ್ಟಿದೆ ಎಂಬುದನ್ನು ಲಾಕ್-ಇನ್ ಆಂಪ್ಲಿಫೈಯರ್ ಸೋಸಿ ತೆಗೆಯುತ್ತದೆ. ಒಂದು ಗೆರೆ ಮೂಡಿತು. ಸೂಜಿ ಪಕ್ಕಕ್ಕೆ ಸರಿದು ಮತ್ತೆ ಮೊದಲಿನಿಂದ ಶುರು. ಇನ್ನೂರೈವತ್ತಾರಕ್ಕೆ ಇನ್ನೂರೈವತ್ತಾರು ಚೌಕದ ನಕ್ಷೆ ಎಂದರೆ ಅರವತ್ತೈದು ಸಾವಿರಕ್ಕೂ ಮಿಕ್ಕಿದ ಗೆರೆಗಳು. ದಿನಗಟ್ಟಲೆ ಓಡುವ ಅಳತೆ ಅದು. ಅಷ್ಟೂ ಹೊತ್ತು ಸೂಜಿ ಪರಮಾಣುವಿನಗಲದಷ್ಟೂ ಅಲುಗಬಾರದು.

ಚಳಿಯೂ ಬೇಕು. ಶಾಖದಿಂದ ಇಲೆಕ್ಟ್ರಾನ್‌ಗಳ ಶಕ್ತಿ ಚೆದುರಿ ಗೆರೆ ಮಸುಕಾಗುತ್ತದೆ. ದ್ರವ ಹೀಲಿಯಂನ 4.2 ಕೆಲ್ವಿನ್‌ನಲ್ಲೂ ಈ ಮಸುಕು ಸುಮಾರು 1.3 ಮಿಲಿಇಲೆಕ್ಟ್ರಾನ್‌ವೋಲ್ಟ್ ಇರುತ್ತದೆ. ಎಷ್ಟೋ ಅತಿವಾಹಕಗಳ ಗ್ಯಾಪ್ ಇರುವುದೇ ಅಷ್ಟು. 0.3 ಕೆಲ್ವಿನ್‌ಗೆ ಇಳಿದರೆ ಮಸುಕು 0.09ಕ್ಕೆ ಇಳಿಯುತ್ತದೆ. ಮುಂದೆ ಬರುವ ವಾದಗಳಲ್ಲಿ ಅರ್ಧ ಪಾಲು ಈ ಅಂಕಿಗಳ ಸುತ್ತಲೇ ತಿರುಗುತ್ತವೆ.

ತಿರುಚಿದ ಪಟ್ಟಿಯ ತೊಂದರೆ

ಈಗ ಟೊಪಾಲಜಿಗೆ, ಅಂದರೆ ಎಳೆದರೂ ಮುದುಡಿದರೂ ಬದಲಾಗದ ಗುಣಗಳ ಗಣಿತಕ್ಕೆ, ಬರೋಣ. ಉದ್ದನೆಯ ಕಾಗದದ ಪಟ್ಟಿಯ ಎರಡು ತುದಿ ಸೇರಿಸಿ ಅಂಟಿಸಿದರೆ ಬಳೆಯಾಗುತ್ತದೆ. ಅಂಟಿಸುವ ಮುನ್ನ ಒಂದು ಅರೆಸುತ್ತು ತಿರುಚಿದರೆ ಅದು ಬೇರೆಯೇ ವಸ್ತು. ಬಳೆಗೆ ಎರಡು ಅಂಚು, ತಿರುಚಿದ್ದಕ್ಕೆ ಒಂದೇ. ಪಟ್ಟಿಯನ್ನು ಎಳೆದಾಡಿದರೂ ಮುದುಡಿದರೂ ತಿರುಚು ಹೋಗುವುದಿಲ್ಲ, ಕತ್ತರಿಸಿದರೆ ಮಾತ್ರ ಹೋದೀತು. ಕೆಲವು ಹರಳುಗಳಲ್ಲಿ ಇಲೆಕ್ಟ್ರಾನ್ ಅಲೆಗಳು ಇಂಥದೇ ತಿರುಚನ್ನು ಹೊತ್ತಿರುತ್ತವೆ. ದ್ರವ್ಯದ ಸ್ಥಿತಿಗಳನ್ನು ಟೊಪಾಲಜಿಯ ಕಣ್ಣಿನಿಂದ ನೋಡಬಹುದು ಎಂದು ತೋರಿಸಿದ್ದಕ್ಕೆ ಥೌಲೆಸ್, ಹಾಲ್ಡೇನ್, ಕೋಸ್ಟರ್ಲಿಟ್ಜ್ ಅವರಿಗೆ 2016ರ ನೊಬೆಲ್ ಬಂತು.

ಈಗ ಆ ಪಟ್ಟಿಯಿಂದ ಉಗುರಿನಷ್ಟು ಚೂರನ್ನು ಕತ್ತರಿಸಿ ಯಾರ ಕೈಗಾದರೂ ಕೊಡಿ. ಇದು ಬಳೆಯದೋ ತಿರುಚಿದ ಪಟ್ಟಿಯದೋ ಎಂದು ಅವರು ಹೇಳಲಾರರು. ತಿರುಚು ಯಾವ ಚೂರಿನಲ್ಲೂ ಇಲ್ಲ, ಇಡೀ ಪಟ್ಟಿಯಲ್ಲಿದೆ. ಟನಲಿಂಗ್ ಸೂಜಿ ಮುಟ್ಟುವುದು ಆ ಉಗುರಿನಷ್ಟು ಚೂರನ್ನೇ. ಅಳೆಯಬೇಕಾದ್ದು ಇಡಿಯ ಗುಣ, ಅಳೆಯುವ ಉಪಕರಣಕ್ಕೆ ಕಾಣುವುದು ಬಿಡಿ. ವಿವಾದಕ್ಕೆಲ್ಲ ಮೂಲ ಇದೇ ಎಂದು ನನ್ನ ಎಣಿಕೆ. ಉಪಕರಣದ ದೋಷವೂ ಅಲ್ಲ, ಬಹುಪಾಲು ಸಂದರ್ಭಗಳಲ್ಲಿ ವಿಜ್ಞಾನಿಗಳ ದುರುದ್ದೇಶವೂ ಅಲ್ಲ.

ಪ್ರಕೃತಿ ಒಂದು ಸುಳಿವನ್ನೇನೋ ಬಿಟ್ಟಿದೆ. ಒಳಗಿನ ತಿರುಚು ಅಂಚಿನಲ್ಲಿ ಹೊರಬೀಳುತ್ತದೆ. ಟೊಪಲಾಜಿಕಲ್ ವಸ್ತುವಿನ ಹೊಟ್ಟೆ ಅವಾಹಕವಾಗಿದ್ದರೂ ಮೇಲ್ಮೈಯಲ್ಲೋ ತುದಿಯಲ್ಲೋ ವಿಶೇಷ ಸ್ಥಿತಿಗಳು ಇದ್ದೇ ತೀರಬೇಕು. ಸೂಜಿ ಹುಡುಕುವುದು ಅವನ್ನೇ.

ತಕರಾರಿಲ್ಲದೆ ಗೆದ್ದ ಕಡೆ

ಬಿಸ್ಮತ್ ಕುಟುಂಬದ ಟೊಪಲಾಜಿಕಲ್ ಅವಾಹಕಗಳಲ್ಲಿ ಈ ವಿಧಾನ ಹೆಚ್ಚು ರಗಳೆಯಿಲ್ಲದೆ ಗೆದ್ದಿತು. ಅಲ್ಲಿ ಹೇಗೆ ಗೆದ್ದಿತು ಎಂದು ನೋಡಿದರೆ ಬೇರೆ ಕಡೆ ಸೋತದ್ದೇಕೆ ಎಂಬುದು ತಿಳಿಯುತ್ತದೆ.

ಮೇಲ್ಮೈಯಲ್ಲಿ ಓಡುವ ಇಲೆಕ್ಟ್ರಾನ್ ಅಲೆ ಒಂದು ಕಲ್ಮಶದ ಪರಮಾಣುವಿಗೆ ಬಡಿದರೆ, ಕೆರೆಯ ನೀರು ಕಲ್ಲಿಗೆ ಬಡಿದಂತೆ, ಅಲೆಗಳು ಹಿಂದಿರುಗಿ ಒಂದರ ಮೇಲೊಂದು ಬಿದ್ದು ಸಾಲುಸಾಲು ತೆರೆ ಮೂಡುತ್ತವೆ. ಸೂಜಿಗೆ ಈ ತೆರೆಗಳು ಕಾಣುತ್ತವೆ. ಆದರೆ ಟೊಪಲಾಜಿಕಲ್ ಮೇಲ್ಮೈಯಲ್ಲಿ ಇಲೆಕ್ಟ್ರಾನಿನ ಸ್ಪಿನ್ (ಪುಟ್ಟ ಕಾಂತಸೂಜಿಯಂಥ ಅದರ ಗುಣ) ಅದು ಓಡುವ ದಿಕ್ಕಿಗೆ ಕಟ್ಟುಬಿದ್ದಿರುತ್ತದೆ. ಬಂದ ದಾರಿಯಲ್ಲೇ ನೇರ ಹಿಂದಿರುಗಬೇಕಾದರೆ ಸ್ಪಿನ್ ತಲೆಕೆಳಗಾಗಬೇಕು. ಕಾಂತಗುಣವಿಲ್ಲದ ಕಲ್ಮಶಕ್ಕೆ ಅದನ್ನು ಮಾಡಿಸುವ ತಾಕತ್ತಿಲ್ಲ. ಹಾಗಾಗಿ ನೇರ ಹಿಮ್ಮರಳುವಿಕೆಯ ತೆರೆ ಅಲ್ಲಿ ಇರಬಾರದು. 2009ರಲ್ಲಿ ಪ್ರಿನ್ಸ್‌ಟನ್‌ನ ಅಲಿ ಯಜ್ದಾನಿ ತಂಡ ಬಿಸ್ಮತ್-ಆಂಟಿಮೊನಿ ಮಿಶ್ರಲೋಹದಲ್ಲಿ ಇದನ್ನೇ ಕಂಡಿತು. ಇರಬೇಕಾದ ತೆರೆಗಳು ಇದ್ದವು, ಇರಬಾರದ್ದು ಇರಲಿಲ್ಲ.

ಮರುವರ್ಷ ಬಿಸ್ಮತ್ ಸೆಲೆನೈಡ್‌ನಲ್ಲಿ ಎರಡು ಗುಂಪುಗಳು ಇನ್ನೊಂದು ಪರೀಕ್ಷೆ ಮಾಡಿದವು. ಬಲವಾದ ಕಾಂತಕ್ಷೇತ್ರದಲ್ಲಿ ಇಲೆಕ್ಟ್ರಾನ್ ಶಕ್ತಿಗಳು ಮೆಟ್ಟಿಲುಗಳಾಗಿ ಒಡೆಯುತ್ತವೆ. ಸಾಮಾನ್ಯ ಲೋಹದ ಮೇಲ್ಮೈಯಲ್ಲಿ ಮೆಟ್ಟಿಲುಗಳ ನಡುವಿನ ಎತ್ತರ ಒಂದೇ ಸಮ. ಟೊಪಲಾಜಿಕಲ್ ಮೇಲ್ಮೈಯ ದ್ರವ್ಯರಾಶಿಯಿಲ್ಲದ ಇಲೆಕ್ಟ್ರಾನ್‌ಗಳಲ್ಲಾದರೆ ಮೆಟ್ಟಿಲುಗಳು ವರ್ಗಮೂಲದ ಲೆಕ್ಕದಲ್ಲಿ ಮೇಲಕ್ಕೆ ಹೋದಂತೆ ಒತ್ತೊತ್ತಾಗುತ್ತವೆ. ಕಾಂತಕ್ಷೇತ್ರ ಎಷ್ಟೇ ಏರಿಸಿದರೂ ಸೊನ್ನೆಯ ಮೆಟ್ಟಿಲು ಕದಲುವುದಿಲ್ಲ. ಅಳತೆ ಆ ಲೆಕ್ಕಕ್ಕೆ ಹೊಂದಿತು.

ಇಲ್ಲಿ ಯಾರೂ ಒಂದು ಶಿಖರ ತೋರಿಸಿ ‘ಇಗೋ’ ಎನ್ನಲಿಲ್ಲ. ಮೊದಲನೆಯದರಲ್ಲಿ ನಕ್ಷೆಯ ಸಾವಿರಾರು ಬಿಂದುಗಳ ನಡುವಿನ ಸಂಬಂಧವೇ ಸಾಕ್ಷಿಯಾಯಿತು, ಎರಡನೆಯದರಲ್ಲಿ ಹಲವು ಮೆಟ್ಟಿಲುಗಳ ನಡುವಿನ ಅನುಪಾತ. ಜತೆಗೆ ಬೆಳಕಿನಿಂದ ಇಲೆಕ್ಟ್ರಾನ್ ಹೊರಡಿಸಿ ಅಳೆಯುವ, ಪೂರಾ ಬೇರೆಯಾದ ವಿಧಾನದ ಫಲಿತಾಂಶವೂ ತಾಳೆಯಾಯಿತು. ಉಗುರಿನಷ್ಟು ಚೂರುಗಳನ್ನೇ ಸಾಕಷ್ಟು ಜೋಡಿಸಿ ಪಟ್ಟಿಯ ತಿರುಚನ್ನು ಹಿಡಿದರು.

ಸೊನ್ನೆಯ ಶಿಖರ ಹುಟ್ಟಿಸಿದ ಆಸೆ

ಅತಿವಾಹಕಗಳ ಕಥೆ ಬೇರೆ. ಇಟಲಿಯ ಎತ್ತೋರೆ ಮಯೋರಾನಾ 1937ರಲ್ಲಿ, ತನಗೆ ತಾನೇ ಪ್ರತಿಕಣವಾಗಿರುವ (ಪ್ರತಿಕಣವೆಂದರೆ ವಿರುದ್ಧ ಗುಣಗಳ ಜೋಡಿಕಣ) ಕಣವೊಂದು ಸಾಧ್ಯ ಎಂದು ಲೆಕ್ಕ ಹಾಕಿದರು. (ಮರುವರ್ಷ ಅವರೇ ಕಾಣೆಯಾದರು. ಅವರ ಹೆಸರಿನ ಕಣವನ್ನು ಹುಡುಕುವವರ ಪಾಡು ನೋಡಿದರೆ ಇದು ನೆನಪಾಗದೇ ಇರದು.) ಟೊಪಲಾಜಿಕಲ್ ಅತಿವಾಹಕದ ತಂತಿಯ ಎರಡು ತುದಿಗಳಲ್ಲಿ ಇಂಥದೇ ಗುಣದ ಸ್ಥಿತಿಗಳು ಕೂರಬಹುದು ಎಂದು 2001ರಲ್ಲಿ ಅಲೆಕ್ಸಿ ಕಿಟಾಯೆವ್ ತೋರಿಸಿದರು. ಒಂದು ಇಲೆಕ್ಟ್ರಾನ್ ಸ್ಥಿತಿಯೇ ಎರಡು ಹೋಳಾಗಿ ಎರಡು ತುದಿಗೆ ಹಂಚಿಹೋದಂತೆ ಅದು. ಒಂದು ತುದಿಯ ಗದ್ದಲದಿಂದ ಮಾಹಿತಿ ಕೆಡುವುದಿಲ್ಲವಾದ್ದರಿಂದ ಕ್ವಾಂಟಂ ಕಂಪ್ಯೂಟರಿಗೆ ಹೇಳಿ ಮಾಡಿಸಿದ ವಸ್ತು.

ಅದನ್ನು ಗುರುತಿಸುವುದು ಹೇಗೆ? ಅತಿವಾಹಕದಲ್ಲಿ ಪ್ಲಸ್ ಶಕ್ತಿಯಲ್ಲೊಂದು ಸ್ಥಿತಿಯಿದ್ದರೆ ಮೈನಸ್ ಶಕ್ತಿಯಲ್ಲಿ ಅದರ ಜೋಡಿ ಇರಲೇಬೇಕು. ತನಗೆ ತಾನೇ ಜೋಡಿಯಾದ ಸ್ಥಿತಿ ಇರಲು ಸಾಧ್ಯವಿರುವುದು ಸೊನ್ನೆಯಲ್ಲಿ ಮಾತ್ರ. ಆದ್ದರಿಂದ ಟನಲಿಂಗ್ ಗೆರೆಯಲ್ಲಿ ಗ್ಯಾಪಿನ ಸರಿಮಧ್ಯೆ, ಸೊನ್ನೆ ವೋಲ್ಟಿನಲ್ಲಿ, ಶಿಖರ ಕಾಣಬೇಕು.

2012ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ಲಿಯೋ ಕೌವೆನ್‌ಹೋವೆನ್ ತಂಡ ಇಂಡಿಯಂ ಆಂಟಿಮೊನೈಡ್ ನ್ಯಾನೋತಂತಿಯಲ್ಲಿ ಆ ಶಿಖರ ಕಂಡಿತು. 2014ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಸೀಸದ ಮೇಲೆ ಸಾಲಾಗಿ ಕುಳಿತ ಕಬ್ಬಿಣದ ಪರಮಾಣುಗಳ ತುದಿಯಲ್ಲಿ ಕಂಡಿತು. 2018ರಲ್ಲಿ ಕಬ್ಬಿಣ-ಟೆಲ್ಯೂರಿಯಂ-ಸೆಲೆನಿಯಂ ಅತಿವಾಹಕದಲ್ಲಿ, ಕಾಂತಕ್ಷೇತ್ರ ತೂರಿಹೋಗುವ ಸುಳಿಗಳ ನಡುಭಾಗದಲ್ಲಿ, ಚೀನಾದ ತಂಡಕ್ಕೆ ಕಂಡಿತು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಮಾತು ಇಲ್ಲಿ ಅಕ್ಷರಶಃ ಲಾಗೂ ಆಗುತ್ತದೆ. ಮಯೋರಾನಾ ಇದ್ದರೆ ಶಿಖರ ಇರಬೇಕು, ನಿಜ. ಶಿಖರ ಇದ್ದ ಮಾತ್ರಕ್ಕೆ ಮಯೋರಾನಾ ಇರಬೇಕೆಂದಿಲ್ಲ. ತಂತಿಯ ತುದಿಯಲ್ಲಿ ವಿದ್ಯುತ್ ವಿಭವ ನುಣುಪಾಗಿ ಇಳಿದರೆ ಆಂಡ್ರೀವ್ ಸ್ಥಿತಿಗಳೆಂಬ ಸಾಧಾರಣ ಸ್ಥಿತಿಗಳೂ ಸೊನ್ನೆಗೆ ಬಂದು ಅಂಟಿಕೊಳ್ಳುತ್ತವೆ. ಕಲ್ಮಶ ಹೆಚ್ಚಿದ್ದರೂ ಹಾಗೆ. ಒಂಟಿ ಸ್ಪಿನ್ ಸುತ್ತ ಇಲೆಕ್ಟ್ರಾನ್‌ಗಳು ಮುತ್ತಿಕೊಳ್ಳುವ ಕೊಂಡೋ ಪರಿಣಾಮದಿಂದಲೂ ಸೊನ್ನೆಯಲ್ಲಿ ಶಿಖರ ಏಳುತ್ತದೆ. ಸೊನ್ನೆಯ ಆಸುಪಾಸಿನಲ್ಲಿ ಎರಡು ಶಿಖರಗಳಿದ್ದರೆ ಶಾಖದ ಮಸುಕಿನಲ್ಲಿ ಅವು ಒಂದಾಗಿ ಕಾಣುತ್ತವೆ. ಈ ಕಡೆಯ ಅನುಮಾನ ಬಗೆಹರಿಸಲೆಂದೇ ಜಪಾನಿನ ರಿಕೆನ್ ಸಂಸ್ಥೆಯ ತಂಡ ಉಪಕರಣವನ್ನು ಒಂದು ಕೆಲ್ವಿನ್‌ನ ಹತ್ತನೇ ಒಂದಕ್ಕಿಂತಲೂ ಕೆಳಗಿಳಿಸಿ, ಸುಮಾರು 20 ಮೈಕ್ರೋಇಲೆಕ್ಟ್ರಾನ್‌ವೋಲ್ಟ್ ನಿಖರತೆಯಲ್ಲಿ ಅದೇ ಕಬ್ಬಿಣದ ಅತಿವಾಹಕವನ್ನು ನೋಡಿತು. ಸೊನ್ನೆಯ ಶಿಖರ ಇತ್ತು. ಆದರೆ ಎಲ್ಲ ಸುಳಿಗಳಲ್ಲೂ ಇರಲಿಲ್ಲ, ಕಾಂತಕ್ಷೇತ್ರ ಹೆಚ್ಚಿಸಿದಂತೆ ಶಿಖರವಿರುವ ಸುಳಿಗಳ ಪ್ರಮಾಣವೂ ಇಳಿಯುತ್ತಿತ್ತು. ಒಂದೇ ಹರಳಿನ ಒಂದು ಸುಳಿಯಲ್ಲಿದ್ದು ಪಕ್ಕದ್ದರಲ್ಲಿ ಇಲ್ಲವೆಂದರೆ ಅದನ್ನು ಇಡಿಯ ಗುಣ ಎನ್ನುವುದು ಹೇಗೆ? ಸುಳಿಗಳು ಒಂದಕ್ಕೊಂದು ತಾಕಲಾಡುತ್ತವೆ ಎಂಬ ವಿವರಣೆ ಇದೆ. ಒಪ್ಪದವರೂ ಇದ್ದಾರೆ.

2018ರ ಪ್ರಬಂಧ, 2021ರ ವಾಪಸಾತಿ

ಇನ್ನಷ್ಟು ಬಿಗಿಯಾದ ಪರೀಕ್ಷೆಯೊಂದು ಸಿದ್ಧಾಂತಿಗಳ ಬಳಿ ಇತ್ತು. ನಿಜವಾದ ಮಯೋರಾನಾ ಆದರೆ, ತಾಪ ಸಾಕಷ್ಟು ಕಡಿಮೆಯಿದ್ದಾಗ, ಶಿಖರದ ಎತ್ತರ ಒಂದು ನಿಗದಿತ ಅಂಕಿಗೆ ಬಂದು ನಿಲ್ಲಬೇಕು: ಸುಮಾರು 77.5 ಮೈಕ್ರೋಸೀಮೆನ್ಸ್ (ಕರೆಂಟು ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದರ ಅಳತೆ). ಟನಲಿಂಗ್ ಗೋಡೆ ದಪ್ಪಗಿರಲಿ, ತೆಳ್ಳಗಿರಲಿ, ಅಂಕಿ ಬದಲಾಗಬಾರದು. 2018ರಲ್ಲಿ ಡೆಲ್ಫ್ಟ್ ತಂಡ ಸಮತಟ್ಟಾದ ಆ ಎತ್ತರ ಸಿಕ್ಕಿದೆ ಎಂದು ‘ನೇಚರ್’ನಲ್ಲಿ ಪ್ರಕಟಿಸಿತು.

ಸರ್ಗೇಯ್ ಫ್ರೊಲೊವ್ ಮತ್ತು ವಿನ್ಸೆಂಟ್ ಮೌರಿಕ್ ಮೂಲ ದತ್ತಾಂಶ ಕೇಳಿದರು. ಇಬ್ಬರೂ ಹಿಂದೆ 2012ರ ಪ್ರಯೋಗದಲ್ಲಿ ಇದ್ದವರೇ. ದತ್ತಾಂಶದ ಕೆಲವು ಭಾಗಗಳನ್ನು ಪ್ರಬಂಧದಲ್ಲಿ ಕೈಬಿಡಲಾಗಿದೆ, ಪೂರ್ತಿ ನೋಡಿದರೆ ಸಮತಟ್ಟು ಅಷ್ಟು ಸಮತಟ್ಟಾಗಿಲ್ಲ ಎಂಬುದು ಬಯಲಾಯಿತು. 2021ರ ಮಾರ್ಚ್‌ನಲ್ಲಿ ಲೇಖಕರು ವೈಜ್ಞಾನಿಕ ಬಿಗಿ ಸಾಲದಾಯಿತು ಎಂದು ಕ್ಷಮೆ ಕೇಳಿ ಪ್ರಬಂಧವನ್ನು ಹಿಂದೆಗೆದುಕೊಂಡರು. ಸ್ವತಂತ್ರ ತಜ್ಞರ ತಂಡ, ಸುಳ್ಳು ಸೃಷ್ಟಿಸಿದ್ದಕ್ಕೆ ಪುರಾವೆ ಇಲ್ಲ, ಆ ಹೊತ್ತಿನ ಉತ್ಸಾಹ ಇವರನ್ನು ಎಳೆದೊಯ್ದಿದೆ ಎಂಬರ್ಥದ ವರದಿ ಕೊಟ್ಟಿತು. ಹುಡುಕುವುದು ಏನು ಎಂಬುದು ಮೊದಲೇ ಗೊತ್ತಿದ್ದು, ನೂರಾರು ಸೆಟ್ಟಿಂಗ್‌ಗಳಲ್ಲಿ ಗೆರೆಗಳನ್ನು ಎಳೆಯುತ್ತ ಹೋದರೆ, ಬೇಕಾದಂಥದ್ದು ಎಲ್ಲೋ ಒಂದೆಡೆ ಸಿಕ್ಕೇ ಸಿಗುತ್ತದೆ. ಸಿಕ್ಕಿದ್ದನ್ನು ತೋರಿಸಿ, ಸಿಗದ್ದನ್ನು ಬಿಟ್ಟರೆ ಸುಳ್ಳು ಹೇಳದೆಯೂ ತಪ್ಪು ಚಿತ್ರ ಬರೆಯಬಹುದು.

ಎರಡೂ ತುದಿಗೆ ಕೈ ಹಾಕಿದಾಗ

ಡೆಲ್ಫ್ಟ್‌ನ ಈ ಸಂಶೋಧನೆಗೆ ನೆರವಾಗಿದ್ದ ಮೈಕ್ರೋಸಾಫ್ಟ್ ಇದರಿಂದ ಪಾಠ ಕಲಿಯಲಿಲ್ಲ ಎಂದರೆ ಅನ್ಯಾಯವಾದೀತು. ಅವರು ರೂಪಿಸಿದ ‘ಟೊಪಲಾಜಿಕಲ್ ಗ್ಯಾಪ್’ ವಿಧಿಯಲ್ಲಿ ಒಂದೇ ತುದಿಯ ಶಿಖರ ಸಾಲದು. ಒಂದೇ ಕಾಂತಕ್ಷೇತ್ರದಲ್ಲಿ ಎರಡೂ ತುದಿಗಳಲ್ಲಿ ಶಿಖರ ಏಳಬೇಕು. ಒಂದು ತುದಿಗೆ ವೋಲ್ಟೇಜ್ ಕೊಟ್ಟು ಇನ್ನೊಂದು ತುದಿಯಲ್ಲಿ ಕರೆಂಟು ಅಳೆದಾಗ, ತಂತಿಯ ಹೊಟ್ಟೆಯ ಗ್ಯಾಪ್ ಒಮ್ಮೆ ಮುಚ್ಚಿ ಮತ್ತೆ ತೆರೆದದ್ದು ಕಾಣಬೇಕು. ಬಿಡಿಯಿಂದ ಇಡಿಗೆ ಹೋಗುವ ಪ್ರಯತ್ನವೇ ಇದು. ಇಂಡಿಯಂ ಆರ್ಸೆನೈಡ್-ಅಲ್ಯೂಮಿನಿಯಂ ಸಾಧನಗಳು ಈ ಪರೀಕ್ಷೆ ಪಾಸಾದವು, 20ರಿಂದ 60 ಮೈಕ್ರೋಇಲೆಕ್ಟ್ರಾನ್‌ವೋಲ್ಟಿನ ಗ್ಯಾಪ್ ಸಿಕ್ಕಿದೆ ಎಂದು 2023ರಲ್ಲಿ ಪ್ರಕಟಿಸಿದರು.

ಸೇಂಟ್ ಆಂಡ್ರ್ಯೂಸ್ ವಿಶ್ವವಿದ್ಯಾಲಯದ ಹೆನ್ರಿ ಲೆಗ್ ತಕರಾರು ಎತ್ತಿದ್ದು ಈ ಪರೀಕ್ಷೆಯ ಮೇಲೆಯೇ. ಅಳತೆಯ ವ್ಯಾಪ್ತಿಯನ್ನು ಎಲ್ಲಿಂದ ಎಲ್ಲಿಯವರೆಗೆ ಎಂದು ಆರಿಸುವುದರ ಮೇಲೆ ಅದೇ ಸಾಧನ ಪಾಸೂ ಆಗುತ್ತದೆ, ಫೇಲೂ ಆಗುತ್ತದೆ ಎಂಬುದು ಅವರ ವಾದ. ಕಂಪನಿ ಇದನ್ನು ಒಪ್ಪುವುದಿಲ್ಲ. ಗ್ಯಾಪ್ ಅಷ್ಟು ಕಿರಿದಾದ್ದರಿಂದ ಕಲ್ಮಶದ ಸಣ್ಣ ಏರುಪೇರೂ ಅದನ್ನು ನುಂಗಬಲ್ಲದು ಎಂಬುದನ್ನು ಮಾತ್ರ ಎರಡೂ ಕಡೆಯವರು ಬಲ್ಲರು.

2025ರ ‘ನೇಚರ್’ ಪ್ರಬಂಧ ಇದರ ಮುಂದಿನ ಹೆಜ್ಜೆ. ಅಲ್ಲಿ ಅಳೆದದ್ದು ತಂತಿಯಲ್ಲಿರುವ ಇಲೆಕ್ಟ್ರಾನ್‌ಗಳ ಸಂಖ್ಯೆ ಸಮವೋ ಬೆಸವೋ ಎಂಬುದನ್ನು. ಒಂದೇ ಪ್ರಯತ್ನದಲ್ಲಿ, ಶೇಕಡಾ 1ರಷ್ಟು ತಪ್ಪಿನೊಳಗೆ ಅದನ್ನು ಹೇಳಬಲ್ಲೆವು ಎಂದರು. ಇಂಜಿನಿಯರಿಂಗ್ ದೃಷ್ಟಿಯಿಂದ ಸಣ್ಣ ಸಾಧನೆಯಲ್ಲ. ಆದರೆ ಆಂಡ್ರೀವ್ ಸ್ಥಿತಿಗಳಿಗೂ ಸಮ-ಬೆಸ ಉಂಟು. ಈ ಅಳತೆಗಳು ತಮ್ಮಷ್ಟಕ್ಕೆ ಸ್ಥಿತಿಗಳು ಟೊಪಲಾಜಿಕಲ್ ಹೌದೋ ಅಲ್ಲವೋ ಎಂದು ತೀರ್ಮಾನಿಸುವುದಿಲ್ಲ ಎಂದು ಪ್ರಬಂಧವೇ ತನ್ನ ಸಾರಾಂಶದಲ್ಲಿ ಒಪ್ಪಿಕೊಂಡಿದೆ. ಪತ್ರಿಕಾ ಪ್ರಕಟಣೆಗೆ ಆ ಸಂಕೋಚ ಇರಲಿಲ್ಲ. ಓದುಗರಿಗೆ ಗೊಂದಲವಾದದ್ದು ಈ ಎರಡರ ನಡುವಿನ ಸಂದಿಯಲ್ಲಿ.

ಸೂಜಿಯೇ ಅತಿವಾಹಕವಾದರೆ

ಯುರೇನಿಯಂ ಡೈಟೆಲ್ಯುರೈಡ್ ಸುಮಾರು 1.6ರಿಂದ 2 ಕೆಲ್ವಿನ್‌ನ ಒಳಗೆ ಅತಿವಾಹಕವಾಗುವ ಹರಳು. ಎರಡು ಬಗೆಯ ವಸ್ತುಗಳನ್ನು ಅಂಟಿಸಿ ಕಟ್ಟಿದ ತಂತಿಯಲ್ಲ, ಹುಟ್ಟಿನಿಂದಲೇ ವಿಚಿತ್ರ ಅತಿವಾಹಕ. 2025ರ ಪ್ರಯೋಗದ ಜಾಣ್ಮೆ ಇದ್ದದ್ದು ಸೂಜಿಯಲ್ಲಿ. ಮಾಮೂಲಿ ಲೋಹದ ಬದಲು, ಸ್ವತಃ ಅತಿವಾಹಕವಾದ ನಿಯೋಬಿಯಂ ಸೂಜಿ ಬಳಸಿದರು. ಹೀಗೆ ಮಾಡಿದರೆ ಸಾಧಾರಣ ಇಲೆಕ್ಟ್ರಾನ್‌ಗಳ ಗದ್ದಲ ತಗ್ಗಿ ಮೇಲ್ಮೈಯ ಸೊನ್ನೆ-ಶಕ್ತಿಯ ಸ್ಥಿತಿ ಎದ್ದು ಕಾಣುತ್ತದೆ.

ಅದಕ್ಕಿಂತ ಮುಖ್ಯವಾದದ್ದು ಆಮೇಲಿನ ಹೆಜ್ಜೆ. ಸೂಜಿಯನ್ನು ಇನ್ನೂ ಹತ್ತಿರ ಒಯ್ದರೆ ಹರಳಿನ ಇಲೆಕ್ಟ್ರಾನ್ ಜೋಡಿಗಳೂ (ಅತಿವಾಹಕದಲ್ಲಿ ಇಲೆಕ್ಟ್ರಾನ್‌ಗಳು ಜೋಡಿಯಾಗಿ ಹರಿಯುತ್ತವೆ) ಸೂಜಿಯ ಜೋಡಿಗಳೂ ಒಂದರ ಮೇಲೊಂದು ಪ್ರಭಾವ ಬೀರುತ್ತವೆ. ಆಗ ಶಿಖರ ಎರಡಾಗಿ ಸೀಳಬೇಕೋ ಒಂದಾಗಿಯೇ ಉಳಿಯಬೇಕೋ ಎಂಬುದು ಹರಳಿನೊಳಗಿನ ಜೋಡಿಗಳ ಸ್ವರೂಪವನ್ನು ಅವಲಂಬಿಸಿದೆ. ಶಿಖರ ಸೀಳಿತು. ಅದರ ಆಧಾರದ ಮೇಲೆ, ಹಿಂದೆ ಅನೇಕರು ನಂಬಿದ್ದ ಒಂದೇ ದಿಕ್ಕಿಗೆ ಸುತ್ತುವ ಬಗೆಯ ಜೋಡಿ ಇಲ್ಲಿಲ್ಲ ಎಂದು ಅವರು ತೀರ್ಮಾನಿಸಿದರು. ಶಿಖರ ಇದೆ ಎನ್ನುವುದಕ್ಕಿಂತ, ಕೆಣಕಿದಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದು ಗಟ್ಟಿ ಸಾಕ್ಷಿ. ವಾದ ಇಲ್ಲಿಗೆ ಮುಗಿದಿದೆ ಎಂದಲ್ಲ. ಈ ಹರಳಿನ ಒಳಗಿನ ಸ್ವರೂಪದ ಬಗ್ಗೆ ಬೇರೆ ವಿಧಾನಗಳ ಉತ್ತರಗಳು ಇನ್ನೂ ಒಂದಕ್ಕೊಂದು ಹೊಂದುತ್ತಿಲ್ಲ. ಕ್ಯೂಬಿಟ್‌ಗೂ ಇದಕ್ಕೂ ಸದ್ಯಕ್ಕೆ ಬಹಳ ದೂರ.

ಇದರಿಂದ ಏನೇನಾಗುತ್ತದೆ

ಮೊದಲ ಪರಿಣಾಮ ಹಣದ್ದು. ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ತನ್ನ ಕ್ವಾಂಟಂ ಕಾರ್ಯಕ್ರಮವೊಂದರ ಕೊನೆಯ ಹಂತಕ್ಕೆ ಮೈಕ್ರೋಸಾಫ್ಟನ್ನು ಆರಿಸಿದೆ. ಮಯೋರಾನಾ ಇರುವುದು ಖಚಿತವಾದರೆ, ದೋಷ ತಿದ್ದಲೆಂದೇ ಸಾವಿರಾರು ಹೆಚ್ಚುವರಿ ಕ್ಯೂಬಿಟ್‌ಗಳನ್ನು ಸುರಿಯಬೇಕಾದ ಬೇರೆ ಮಾರ್ಗಗಳಿಗಿಂತ ಇದು ಮುಂದೆ ಹೋದೀತು. ಇಲ್ಲವಾದರೆ ಇದೇ ಕ್ಯೂಬಿಟ್‌ಗಳು ಮಾಮೂಲಿ ಆಂಡ್ರೀವ್ ಸಾಧನಗಳಾಗುತ್ತವೆ, ಮಾರ್ಗವನ್ನು ಆರಿಸಿಕೊಂಡ ಕಾರಣವೇ ಬಿದ್ದುಹೋಗುತ್ತದೆ.

ಎರಡನೆಯದು ಪ್ರಯೋಗಾಲಯದ ರೂಢಿಗೆ ಸಂಬಂಧಿಸಿದ್ದು. ಆರಿಸಿದ ಗೆರೆಗಳನ್ನಷ್ಟೇ ಅಲ್ಲ, ಸೋತ ಸಾಧನಗಳನ್ನೂ ಸೇರಿಸಿ ಪೂರ್ತಿ ದತ್ತಾಂಶ ಕೊಡಿ ಎಂಬ ಒತ್ತಾಯ ಈಗ ಜೋರಾಗಿದೆ. ತಡವಾಗಿ ಬಂದರೂ ಇದು ಒಳ್ಳೆಯ ಒತ್ತಾಯ.

ಮೂರನೆಯದು ನನಗೆ ಹೆಚ್ಚು ಕುತೂಹಲದ್ದು. ಡೆಲ್ಫ್ಟ್‌ನ ಕೌವೆನ್‌ಹೋವೆನ್ ಗುಂಪೇ ಉದ್ದ ತಂತಿಯ ಆಸೆ ಬಿಟ್ಟು, ಎರಡೇ ಎರಡು ಕ್ವಾಂಟಂ ಚುಕ್ಕೆಗಳನ್ನು (ಇಲೆಕ್ಟ್ರಾನ್‌ಗಳನ್ನು ಕೂಡಿಹಾಕುವ ಅತಿಪುಟ್ಟ ಜಾಗಗಳನ್ನು) ಅತಿವಾಹಕದ ಮೂಲಕ ಜೋಡಿಸಿ ಕಿಟಾಯೆವ್ ಸರಪಳಿಯ ಅತಿ ಚಿಕ್ಕ ಆವೃತ್ತಿಯನ್ನು 2023ರಲ್ಲಿ ಕಟ್ಟಿತು. ಇದಕ್ಕೆ ‘ಬಡವನ ಮಯೋರಾನಾ’ ಎಂದೇ ಹೆಸರು. ಎರಡೇ ಕೊಂಡಿಯ ಸರಪಳಿಗೆ ಟೊಪಾಲಜಿಯ ರಕ್ಷಣೆ ಇಲ್ಲ, ನಿಯಂತ್ರಣದ ತಿರುಪುಗಳನ್ನು ತಿರುಗಿಸಿ ಸರಿಯಾದ ಬಿಂದುವಿಗೆ ತಂದರಷ್ಟೇ ಸೊನ್ನೆಯ ಸ್ಥಿತಿ ನಿಲ್ಲುತ್ತದೆ ಎಂಬುದನ್ನು ಯಾರೂ ಮುಚ್ಚಿಡುವುದಿಲ್ಲ. ಒಂದು ಅನುಕೂಲವೆಂದರೆ ಸರಪಳಿಯ ಪ್ರತಿ ಕೊಂಡಿಯೂ ನಮ್ಮ ಹಿಡಿತದಲ್ಲಿರುತ್ತದೆ. ಒಂದು ಚುಕ್ಕೆಯನ್ನು ಅಲುಗಿಸಿದಾಗ ಶಿಖರ ಸೊನ್ನೆಯಲ್ಲೇ ನಿಲ್ಲಬೇಕು, ಎರಡನ್ನೂ ಅಲುಗಿಸಿದಾಗ ಸೀಳಬೇಕು ಎಂದು ಮೊದಲೇ ಲೆಕ್ಕ ಹಾಕಿ ಆಮೇಲೆ ಅಳೆಯಬಹುದು. ಈಗ ಮೂರು ಚುಕ್ಕೆಗಳ ಸರಪಳಿಗಳೂ ಬಂದಿವೆ. ಕೊಂಡಿಗಳು ಹೆಚ್ಚಿದಂತೆ ರಕ್ಷಣೆಯೂ ಹೆಚ್ಚಬೇಕು ಎನ್ನುತ್ತದೆ ಸಿದ್ಧಾಂತ.

ಎರಡು ಮಯೋರಾನಾಗಳ ಜಾಗ ಅದಲುಬದಲು ಮಾಡಿ, ಅದಲುಬದಲಿನ ಕ್ರಮಕ್ಕೆ ತಕ್ಕಂತೆ ಉತ್ತರ ಬದಲಾಗುವುದನ್ನು ತೋರಿಸುವುದು ಕಟ್ಟಕಡೆಯ ಪರೀಕ್ಷೆ. ಆ ಗುಣ ಆಂಡ್ರೀವ್ ಸ್ಥಿತಿಗಳಿಗಿಲ್ಲ, ಕೊಂಡೋ ಶಿಖರಕ್ಕೂ ಇಲ್ಲ. ಯಾವ ಅತಿವಾಹಕ ತಂತಿಯಲ್ಲೂ ಅದನ್ನು ಎಲ್ಲರೂ ಒಪ್ಪುವ ಹಾಗೆ ಇನ್ನೂ ಯಾರೂ ಮಾಡಿ ತೋರಿಸಿಲ್ಲ.